ಕುಂಬಳಕಾಯಿ ದೊಡ್ಡಪ್ಪನ ಜೊತೆ ಜಗಳ

— ಏಳು ಮೇಲೆ. ಹನ್ನೆರಡಕ್ಕೆ ಊಟದ ಗಂಟೆ ಹೊಡೀತಾರೆ, ನಾನಿನ್ನೂ ಇದನ್ನ ಹೋಳು ಮಾಡಿಲ್ಲ.

— ಏಳಲ್ಲ ಅಜ್ಜಿ. ನಾನು ಎದ್ದರೆ ನೀವು ದೊಡ್ಡಪ್ಪನ್ನ ಕೊಯ್ದುಬಿಡ್ತೀರ.

ಶಾಲೆಯ ಅಡುಗೆಮನೆಯ ನಟ್ಟನಡುವೆ, ತಬ್ಬಿದರೆ ಎರಡು ಕೈ ಸಾಲದಷ್ಟು ದೊಡ್ಡ ಕುಂಬಳಕಾಯಿಯ ಮೇಲೆ ಮೂರನೇ ಕ್ಲಾಸಿನ ಹುಡುಗಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಇಡೀ ಶಾಲೆ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತಿತ್ತು. ಅವಳ ಹಿಂದೆ ಇಪ್ಪತ್ತೆರಡು ಮಕ್ಕಳು ಕೈಕೈ ಹಿಡಿದು ಗೋಡೆಯ ಹಾಗೆ ನಿಂತಿದ್ದರು. ಎದುರಿಗೆ ದೊಡ್ಡ ಚಾಕು ಹಿಡಿದ ಅಡುಗೆ ಅಜ್ಜಿ.

ಬೇರೆ ದಿನವಾಗಿದ್ದರೆ ಅಜ್ಜಿ ನಕ್ಕು, ಅನ್ನಕ್ಕೆ ಉಪ್ಪು ಹಾಕಿ ಬಡಿಸಿ ಸುಮ್ಮನಾಗುತ್ತಿದ್ದಳು. ಇವತ್ತು ಹಾಗಲ್ಲ. ಮೇಲಿನ ಆಫೀಸಿನ ಮೇಡಂ ಮಧ್ಯಾಹ್ನ ಬಂದು ಮಕ್ಕಳು ಉಣ್ಣುವುದನ್ನು ಕಣ್ಣಾರೆ ನೋಡುವವರಿದ್ದರು. ತಟ್ಟೆ ಖಾಲಿಯಾದರೆ ಅಡುಗೆಮನೆ ಉಳಿಯುತ್ತದೆ. ಮಕ್ಕಳು ತಟ್ಟೆ ತಳ್ಳಿದರೆ ಮುಂದಿನ ತಿಂಗಳಿಂದ ಎಂಟು ಗಂಟೆ ದೂರದ ಕಾರ್ಖಾನೆಯಿಂದ ಲಾರಿಯಲ್ಲಿ ಡಬ್ಬಿ ಊಟ. ಒಲೆಗೆ ನೀರು, ಅಜ್ಜಿ ಮನೆಗೆ. ಇಪ್ಪತ್ತಾರು ವರ್ಷ ಅದೇ ಒಲೆಯ ಮುಂದೆ ಬೆವರು ಒರೆಸಿಕೊಂಡವಳು ಅವಳು. ಈ ಕುಂಬಳಕಾಯಿಯನ್ನೂ ಅವಳೇ, ಅಕ್ಕಿ ತೊಳೆದ ನೀರು ಹೊತ್ತು ಹಾಕಿ, ಕಾಂಪೌಂಡಿನ ಒಳಗೆ ಬೆಳೆಸಿದ್ದಳು.

ಅಷ್ಟರಲ್ಲಿ ಟೀಚರ್ ಓಡಿಬಂದಳು. ಹೊಸಬಳು, ಸೇರಿ ಎರಡು ತಿಂಗಳಾಗಿತ್ತು. ಎಂಥ ಪಾಠ ಹೇಳಿಕೊಟ್ಟೆ ತಾಯಿ ಎಂದು ಅಜ್ಜಿ ಕೇಳಿದ್ದೇ ತಡ, ಅವಳ ಕಣ್ಣಲ್ಲಿ ನೀರು ಬಂತು. ಭೂಮಿಗೆ ಭಾರವಾಗದ ಹಾಗೆ ಉಣ್ಣುವುದು ಹೇಗೆ ಎಂಬ ಪಾಠವಂತೆ. ಎಳೆ ಮಕ್ಕಳಿಗೆ ತಿಳಿಯಲೆಂದು ತರಕಾರಿಗಳೆಲ್ಲ ನಮ್ಮ ನೆಂಟರು ಎಂದಿದ್ದಳಂತೆ. ಹಿತ್ತಲಲ್ಲಿ ಬೆಳೆದವರು ಹತ್ತಿರದ ನೆಂಟರು, ಲಾರಿಯಲ್ಲಿ ಹೊಗೆ ಬಿಟ್ಟುಕೊಂಡು ಬರುವವರು ದೂರದ ನೆಂಟರು, ಡಬ್ಬಿಯಲ್ಲಿ ಬರುವವರು ನಮಗೆ ಏನೂ ಆಗಬೇಕಾಗಿಲ್ಲ. ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ತರಕಾರಿಗೂ ನಂಟಸ್ತಿಕೆ ಹಚ್ಚಿ, ಟೀಚರ್ ಕೈಯಲ್ಲೇ ಬೋರ್ಡ್ ಮೇಲೆ ಬರೆಸಿ, ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಕುಂಬಳಕಾಯಿ ದೊಡ್ಡಪ್ಪ, ಬದನೆಕಾಯಿ ಚಿಕ್ಕಮ್ಮ, ಹುರುಳಿಕಾಯಿಗಳು ಅಣ್ಣತಮ್ಮಂದಿರು. ಹಾಗಲಕಾಯಿಯನ್ನು ಯಾರೂ ಯಾವ ವರಸೆಗೂ ಒಪ್ಪದೆ, ಕೊನೆಗೆ ಪಕ್ಕದ ಮನೆಯವರು ಎಂದು ಬರೆದಿದ್ದರು.

— ಹತ್ತಿರದವರನ್ನೇ ತಿನ್ನಬೇಕು ಅಂತ ತಾನೇ ನಾನು ಹೇಳಿದ್ದು? ಎಂದಳು ಟೀಚರ್.

— ಹತ್ತಿರದವರನ್ನ ಯಾರಾದರೂ ತಿಂತಾರಾ ಟೀಚರ್? ನಿಮ್ಮ ಅಕ್ಕನ್ನ ನೀವು ತಿಂತೀರಾ?

— ನಮ್ಮಕ್ಕ ತರಕಾರಿ ಅಲ್ಲ ಪುಟ್ಟಿ.

— ದೊಡ್ಡಪ್ಪನೂ ತರಕಾರಿ ಅಲ್ಲ. ದೊಡ್ಡಪ್ಪ. ಬೋರ್ಡ್ ಮೇಲೆ ನೀವೇ ಬರೆದಿದ್ದು.

ಆ ವರಸೆಯನ್ನೆಲ್ಲ ಈಗಲೇ ಅಳಿಸಿಬಿಡೋಣ ಎಂದಳು ಟೀಚರ್. ಪೆನ್ನಿನಲ್ಲಿ ಬರೆದಿದ್ದೇವೆ, ಅಳಿಸಲು ಬರುವುದಿಲ್ಲ ಎಂದು ಇಪ್ಪತ್ತೆರಡು ಮಕ್ಕಳೂ ಒಂದೇ ರಾಗದಲ್ಲಿ ಹೇಳಿದರು.

— ಮಧ್ಯಾಹ್ನ ಹೊಟ್ಟೆಗೆ ಏನು ತಿಂತೀಯ ಹಾಗಾದ್ರೆ? ಎಂದು ಅಜ್ಜಿ ಕೇಳಿದಳು.

— ಡಬ್ಬಿಯವರನ್ನ ತಿಂತೀವಿ. ಅವರು ನಮಗೆ ಏನೂ ಆಗಬೇಕಾಗಿಲ್ಲವಲ್ಲ.

ಟೀಚರ್ ಅಲ್ಲೇ ಇದ್ದ ಅಕ್ಕಿ ಮೂಟೆಯ ಮೇಲೆ ಕುಸಿದು ಕುಳಿತಳು.

ಗಲಾಟೆ ಕೇಳಿ ಹೆಡ್‌ಮಾಸ್ಟರು ಬಂದರು. ಎಲ್ಲೇ ಜಗಳವಾದರೂ ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ ಹಂಚಿ ಮುಗಿಸುವ ಮನುಷ್ಯ. ಎರಡೂ ಕಡೆಯ ಮಾತು ಕೇಳಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: ದೊಡ್ಡಪ್ಪನವರ ಬೆನ್ನಿನ ಭಾಗ ಮಾತ್ರ ಕೊಯ್ಯುವುದು, ಮುಖಕ್ಕೆ ಕೈ ಹಚ್ಚುವುದು ಬೇಡ. ಲಾಯರಮ್ಮ, ಬೆನ್ನು ಯಾವ ಕಡೆ ಇದೆ ತೋರಿಸಿ ಸಾರ್ ಎಂದಳು. ಹೆಡ್‌ಮಾಸ್ಟರು ಕುಂಬಳಕಾಯಿಯ ಸುತ್ತ ಮೂರು ಸಲ ಬಂದರು, ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು. ಆಮೇಲೆ ಕೈಕಟ್ಟಿ ಗೋಡೆಗೆ ಒರಗಿ ನಿಂತುಬಿಟ್ಟರು.

ಗಡಿಯಾರದಲ್ಲಿ ಹತ್ತೂಮುಕ್ಕಾಲು.

ಅಜ್ಜಿಗೆ ಆಗ ತನ್ನ ಗಂಡನ ಅಣ್ಣ ನೆನಪಾದ. ಅವನದೂ ತಮ್ಮದೂ ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಪಾತ್ರೆ ಅದುರುತ್ತಿತ್ತು. ಆದರೂ ಹನ್ನೊಂದು ವರ್ಷ ಆ ಮನೆಗೂ ಈ ಮನೆಗೂ ಮಾತಿರಲಿಲ್ಲ. ಯಾಕೆ ಬಿಟ್ಟೆವು ಎಂಬುದನ್ನು ಎರಡೂ ಮನೆಯವರು ಮರೆತಿದ್ದರು. ನಂಟು ದೂರವಾಗುವುದಕ್ಕೆ ಲಾರಿಯೇ ಬೇಕೆಂದೇನಿಲ್ಲ. ಅವಳು ಚಾಕು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ಕುಂಬಳಕಾಯಿಯ ಮುಂದೆ ನಿಂತಳು.

— ಏನ್ರೀ ದೊಡ್ಡಪ್ಪನೋರೆ, ನಾಲ್ಕು ತಿಂಗಳು ಸೊಂಟ ಬಿದ್ದುಹೋಗೋ ಹಾಗೆ ನಿಮಗೆ ನೀರು ಹೊತ್ತೆ. ಮೊಣಕಾಲು ಊದಿ ಎಂಟು ದಿನ ಮಲಗಿದ್ದೆನಲ್ಲ, ಒಂದು ದಿನ ಬಂದು ಹೇಗಿದ್ದೀಯಮ್ಮ ಅಂತ ಕೇಳಿದ್ರಾ?

ಮಕ್ಕಳು ಕುಂಬಳಕಾಯಿಯ ಕಡೆ ನೋಡಿದರು. ಅದು ಏನೂ ಹೇಳಲಿಲ್ಲ.

— ನೋಡಿದ್ರಾ ಜಂಭಾನ? ವಯಸ್ಸಾದವಳು ಮಾತಾಡ್ತಿದ್ದರೆ ಒಂದು ಹ್ಞೂ ಇಲ್ಲ, ಉಹ್ಞೂ ಇಲ್ಲ.

— ದೊಡ್ಡಪ್ಪನಿಗೆ ನಾಚಿಕೆ ಅಜ್ಜಿ, ಎಂದಳು ಲಾಯರಮ್ಮ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

— ನಿನ್ನ ಹುಟ್ಟಿದ ದಿನಕ್ಕೆ ಬಂದಿದ್ರೇನೇ ಇವರು?

ಲಾಯರಮ್ಮ ಬಂದವರನ್ನೆಲ್ಲ ಬೆರಳು ಮಡಿಸಿ ಎಣಿಸಿದಳು. ದೊಡ್ಡಪ್ಪ ಬಂದಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, ತಾನು ಬಿದ್ದು ಕೈ ಮುರಿದುಕೊಂಡಾಗಲೂ ದೊಡ್ಡಪ್ಪ ಬರಲಿಲ್ಲ ಎಂದ. ಇನ್ನೊಬ್ಬಳು, ದಿನಾ ಇವರ ಪಕ್ಕದಲ್ಲೇ ಕುಂಟೆಬಿಲ್ಲೆ ಆಡುತ್ತೇನೆ, ಒಂದು ಸಲವೂ ನಕ್ಕವರಲ್ಲ ಎಂದಳು. ದೂರುಗಳು ಒಂದರ ಮೇಲೊಂದು ಬಂದವು. ಮೂಟೆಯ ಮೇಲಿದ್ದ ಟೀಚರ್, ಇದು ಪಾಠದಲ್ಲಿ ಇಲ್ಲ ಎಂದು ಮೆಲ್ಲಗೆ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಹೆಡ್‌ಮಾಸ್ಟರು ಗೋಡೆ ಬಿಟ್ಟು ಮುಂದಕ್ಕೆ ಬಂದಿದ್ದರು.

— ಹೀಗೇ, ಥೇಟ್ ಹೀಗೇ ಗುಂಡಗೆ ಕೂರ್ತಾನೆ ನಮ್ಮಣ್ಣ. ಅಪ್ಪನ್ನ ಆಸ್ಪತ್ರೆಗೆ ಸೇರಿಸಿದಾಗ ನಾನೊಬ್ಬನೇ ಓಡಾಡಿದೆ. ಮಾತಾಡೋ, ಬಾಯಿ ಬಿಡೋ ಅಂದರೆ ಹೀಗೇ ಕೂತಿದ್ದ.

ಅವರು ಕುಂಬಳಕಾಯಿಯ ಎದುರು ಬೆರಳಾಡಿಸುತ್ತ, ಕಣ್ಣೀರು ಸುರಿಸುತ್ತ ಇನ್ನೂ ಹೇಳುವವರಿದ್ದರು. ಟೀಚರ್ ಎದ್ದು ಒಂದು ಲೋಟ ನೀರು ಕೊಟ್ಟು ಹೊರಗೆ ಕರೆದುಕೊಂಡು ಹೋದಳು. ಅವರ ಅಳು ನೋಡಿದ ಮೇಲೆ ಮಕ್ಕಳಲ್ಲಿ ದೊಡ್ಡಪ್ಪನ ಪರ ಯಾರೂ ಉಳಿಯಲಿಲ್ಲ. ಲಾಯರಮ್ಮ ಕೆಳಗಿಳಿದು, ಲಂಗ ಕೊಡವಿಕೊಂಡು, ಮುಖ ಆ ಕಡೆ ತಿರುಗಿಸಿದಳು.

— ನಮಗೂ ನಿಮಗೂ ಇವತ್ತಿಗೆ ಮುಗೀತು ದೊಡ್ಡಪ್ಪ. ಅಜ್ಜಿ, ಕೊಯ್ಯಿರಿ.

ಹನ್ನೆರಡಕ್ಕೆ ಗಂಟೆ ಹೊಡೆಯಿತು. ಈರುಳ್ಳಿಯ ಜೊತೆ ಹದವಾಗಿ ಬೆಂದ ಕುಂಬಳಕಾಯಿ ಬಿಸಿ ಅನ್ನದ ಮೇಲೆ ಬಿತ್ತು. ಮೇಡಂ ಮಾದರಿಗೆಂದು ತಂದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತರು. ಮಕ್ಕಳು ಹಲ್ಲು ಕಚ್ಚಿಕೊಂಡು ಉಂಡರು. ತರಕಾರಿಯನ್ನು ಅಷ್ಟು ಹಟದಿಂದ ತಿನ್ನುವ ಮಕ್ಕಳನ್ನು ತಮ್ಮ ಸರ್ವಿಸಿನಲ್ಲೇ ನೋಡಿಲ್ಲ ಎಂದರು ಮೇಡಂ. ಎಲ್ಲಿಯ ಕುಂಬಳಕಾಯಿ ಎಂದು ಪಕ್ಕದ ಹುಡುಗನನ್ನು ಕೇಳಿದರು.

— ನಮ್ಮ ದೊಡ್ಡಪ್ಪ ಮೇಡಂ. ಬೆಳಿಗ್ಗೆ ಮಾತು ಬಿಟ್ಟೆವು, ಅದಕ್ಕೆ ತಿಂತಿದೀವಿ.

ಮೇಡಂ ತಿರುಗಿ ಹೆಡ್‌ಮಾಸ್ಟರ ಮುಖ ನೋಡಿದರು. ನಮ್ಮ ಮನೆಯಲ್ಲೂ ಹಾಗೇ ಮೇಡಂ ಎಂದು ಅವರು ಕೆಂಪುಗಣ್ಣು ಒರೆಸಿಕೊಂಡರು. ಮೇಡಂ ಪೆನ್ನು ತೆಗೆದರು. ತಟ್ಟೆಗಳು ಖಾಲಿ, ಅಡುಗೆಮನೆ ಮುಂದುವರಿಯಬಹುದು ಎಂದು ಬೇಗ ಬೇಗ ಬರೆದು, ಸಹಿ ಹಾಕಿ, ಡಬ್ಬಿ ಎತ್ತಿಕೊಂಡು ಹೊರಟುಬಿಟ್ಟರು.

ಎಲ್ಲ ಮುಗಿದ ಮೇಲೆ ಅಜ್ಜಿ ತನ್ನ ತಟ್ಟೆ ಹಿಡಿದು ಒಲೆಯ ಪಕ್ಕ ಕುಳಿತಳು. ತುತ್ತು ಕಲಸಿದಳು. ಬಾಯಿಯವರೆಗೆ ತಂದು ಮತ್ತೆ ತಟ್ಟೆಗೇ ಇಟ್ಟಳು.

— ಯಾಕೆ ಅಜ್ಜಿ, ಉಣ್ಣಲ್ವಾ? ಟೀಚರ್ ಕೇಳಿದಳು.

— ಹೇಗೆ ಉಣ್ಣಲಿ ತಾಯಿ? ಇಲ್ಲದ್ದೆಲ್ಲ ಹೊರಿಸಿ ಬೈದೆ. ಪಾಪ, ಗೋಡೆ ಪಕ್ಕ ತನ್ನ ಪಾಡಿಗೆ ತಾನು ಬೆಳೀತಾ ಕೂತಿದ್ದ. ಮೊಣಕಾಲು ನೋವಿಗೆ ಕುಂಬಳಕಾಯಿ ಹೇಗೆ ಬಂದು ನೋಡುತ್ತೆ ಹೇಳು. ನನ್ನ ಗಂಟಲಲ್ಲಿ ಇಳಿಯಲ್ಲ.

ಟೀಚರ್ ತನ್ನ ಖಾಲಿ ತಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದಳು. ಅವಳು ಆಗಲೇ ಎರಡು ಸಲ ಹಾಕಿಸಿಕೊಂಡು ಉಂಡಿದ್ದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಲಾಯರಮ್ಮ ಒಳಗೆ ಬಂದು ಅಜ್ಜಿಯ ಭುಜದ ಮೇಲೆ ದೊಡ್ಡವರ ಹಾಗೆ ಕೈಯಿಟ್ಟಳು.

— ಹೌದು ಅಜ್ಜಿ, ನಾವೇ ಅವರನ್ನ ತಪ್ಪು ತಿಳಿದುಕೊಂಡ್ವಿ. ದೊಡ್ಡಪ್ಪ ಬಹಳ ಒಳ್ಳೆಯವರು. ನೀವು ಉಣ್ಣಲ್ಲ ಅಂದರೆ ಆ ತಟ್ಟೆ ಇತ್ತ ಕೊಡಿ.