ಎರಡು ಸೂರ್ಯರ ಗ್ರಹದಲ್ಲಿ ಒಂದು ಕಲ್ಲು

ಏಪ್ರಿಲ್ ಬಂದಿತ್ತು, ಕುರಿಗಳು ಮರಿ ಹಾಕುವ ಕಾಲ. ಭಾನುವಾರ ಬೆಳಗ್ಗೆ ಎಡ್ವಿನ್ ಐವ್ಸನ್ ಕೊಟ್ಟಿಗೆಯ ಹುಲ್ಲಿನ ಮೇಲೆ ಕೂತು, ಒಂದು ಕೈಯಲ್ಲಿ ನಿತ್ರಾಣದ ಮರಿಗೆ ಬಾಟಲಿಯ ಹಾಲು ಕುಡಿಸುತ್ತ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು 'ಆಚೆಯ ಠಾಣೆ' ಧಾರಾವಾಹಿಯ ಹಿಂದಿನ ಸಂಜೆಯ ಕಂತನ್ನು ಎರಡನೇ ಸಲ ನೋಡುತ್ತಿದ್ದ. ಮೊದಲನೇ ಸಲ ನೋಡುವುದು ಕತೆಗಾಗಿ. ಎರಡನೇ ಸಲ ತಪ್ಪು ಹುಡುಕುವುದಕ್ಕಾಗಿ.

ಯಾರ್ಕ್‌ಶೈರಿನ ಆ ಕಣಿವೆಯಲ್ಲಿ ಕುರಿ ಸಾಕುವವರೇ ಸೇರಿ ಈ ಧಾರಾವಾಹಿಗೊಂದು ಅಭಿಮಾನಿ ಕೂಟ ಕಟ್ಟಿಕೊಂಡಿದ್ದರು. ಪ್ರತಿ ಭಾನುವಾರ ಸಂಜೆ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತ, ನೋಡಿದ ಕಂತನ್ನು ಎಳೆ ಎಳೆಯಾಗಿ ಬಿಡಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದರು. ತಪ್ಪು ಹಿಡಿಯುವುದರಲ್ಲಿ ಎಡ್ವಿನ್ನನನ್ನು ಮೀರಿಸಿದವರಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಅಜ್ಜಿಯಂತೆ ಕೂತು ಆರಿಸುತ್ತಿದ್ದ.

ಈ ವಾರದ ಕಂತಿಗೆ ಒಂದು ವಿಶೇಷವಿತ್ತು. ಅದರಲ್ಲಿ ಬರುವ ಎರಡು ಸೂರ್ಯರ ನಿರ್ಜೀವ ಗ್ರಹವನ್ನು ಹೋದ ಅಕ್ಟೋಬರಿನಲ್ಲಿ ಚಿತ್ರೀಕರಿಸಿದ್ದು ಎಡ್ವಿನ್ನನ ನೆರೆಯವನಾದ ರಾಲ್ಫ್ ಸಂಟರನ ಮೇಲಿನ ಹುಲ್ಲುಗಾವಲಿನಲ್ಲಿ. ಟೀವಿಯವರಿಗಾಗಿ ರಾಲ್ಫ್ ತನ್ನ ಕುರಿಗಳನ್ನೆಲ್ಲ ಕೆಳಕ್ಕೆ ಹೊಡೆದಿದ್ದ.

ಆ ಹುಲ್ಲುಗಾವಲಿಗೂ ಎಡ್ವಿನ್ನನದಕ್ಕೂ ನಡುವೆ ಒಂದು ಕಲ್ಲಿನ ಗೋಡೆ. ಅದು ಹೋದ ಬೇಸಿಗೆಯಲ್ಲೇ ಒಂದು ಕಡೆ ಕುಸಿದಿತ್ತು. "ನಿನ್ನ ಕುರಿಗಳು ಹತ್ತಿ ಹತ್ತಿ ಬೀಳಿಸಿದ್ವು, ನೀನು ಕಟ್ಟು" ಎಂದು ರಾಲ್ಫ್. "ನಿನ್ನ ದನ ಮೈ ಉಜ್ಜಿ ಬೀಳಿಸಿದ್ವು, ನೀನು ಕಟ್ಟು" ಎಂದು ಎಡ್ವಿನ್. ಸಂತೆಯಲ್ಲಿ ಹತ್ತು ಜನರೆದುರು ಎಡ್ವಿನ್ ಇನ್ನೂ ಮುಂದೆ ಹೋಗಿ, "ನನ್ನದೊಂದು ಕುರಿ ಆ ಕಡೆ ಕಾಲಿಟ್ಟಿದ್ದು ತೋರಿಸು. ಗೋಡೇನೂ ಕಟ್ತೀನಿ, ಒಂದು ಚಳಿಗಾಲ ನಿನ್ನ ಮಂದೆಗೆಲ್ಲ ಹುಲ್ಲೂ ಹಾಕ್ತೀನಿ" ಎಂದುಬಿಟ್ಟಿದ್ದ. ತೋರಿಸುವುದು ಯಾರಿಗೂ ಆಗಿರಲಿಲ್ಲ.

ಮೊಬೈಲಿನಲ್ಲಿ ನೌಕೆಯ ನಾಯಕ ಸುತ್ತ ನೋಡಿ, ಈ ಗ್ರಹದಲ್ಲಿ ಜೀವದ ಸುಳಿವೇ ಇಲ್ಲ ಎಂದು ಭಾರವಾದ ದನಿಯಲ್ಲಿ ಹೇಳಿದ. ಅವನ ಹೆಗಲ ಹಿಂದೆ ಬೆಳ್ಳಗಿನದೊಂದು ಎರಡು ಹೆಜ್ಜೆ ನಡೆಯಿತು.

ಎಡ್ವಿನ್ನನ ಕೈಯಿಂದ ಬಾಟಲಿ ಜಾರಿತು. ಕುರಿ. ನಿರ್ಜೀವ ಗ್ರಹದಲ್ಲಿ ರಾಲ್ಫನ ಕುರಿ.

ಸಂಜೆಯ ತನಕ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಪ್ರಾರ್ಥನೆ ಮುಗಿಸಿ ಜನ ಹೊರಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದ.

"ಏನಯ್ಯಾ ರಾಲ್ಫ್, ಎರಡು ದಿನ ಕುರಿ ಕಟ್ಟಿಹಾಕು ಅಂದ್ರೆ ಅದೂ ಆಗ್ಲಿಲ್ವಾ ನಿನಗೆ? ಬ್ರಹ್ಮಾಂಡಕ್ಕೆಲ್ಲ ತೋರಿಸಿದೀಯಲ್ಲ."

ರಾಲ್ಫ್ ಟೋಪಿ ಸರಿಮಾಡಿಕೊಂಡ. "ಅದಾ? ನಾನೂ ನೋಡ್ದೆ. ಅದು ಕಲ್ಲು ಕಣಯ್ಯಾ."

"ಕಲ್ಲು ನಡೆಯುತ್ತಾ?"

"ನಿನ್ನ ಮೊಬೈಲು ನಡುಗಿರಬೇಕು. ವಯಸ್ಸಾಯ್ತಲ್ಲ, ಕೈ ನಡುಗೋದು ಸಹಜ."

ಸುತ್ತ ನಿಂತವರು ನಕ್ಕರು. ಎಡ್ವಿನ್ನನಿಗೆ ಅಷ್ಟು ಸಾಕಾಯಿತು. "ಮೇಡಂ, ನೀವೇ ಸಾಕ್ಷಿ" ಎಂದು ಕೂಟದ ಅಧ್ಯಕ್ಷೆ, ನಿವೃತ್ತ ಟೀಚರ್ ಎನಿಡ್ ಕ್ಯಾಪ್‌ಸ್ಟಿಕ್‌ರ ಕಡೆ ತಿರುಗಿದ. "ಅದು ಕಲ್ಲು ಅಂತ ಇವತ್ತು ಸಂಜೆ ಕೂಟ ತೀರ್ಮಾನ ಮಾಡಿದ್ರೆ, ಆ ಗೋಡೆ ನಾನೇ ಕಟ್ತೀನಿ."

"ಕುರಿಯಾದ್ರೆ ನಾನು ಕಟ್ತೀನಿ" ಎಂದ ರಾಲ್ಫ್ ತಣ್ಣಗೆ.

ಎಡ್ವಿನ್ ಮನೆಗೆ ಬಂದು, ಚಿತ್ರವನ್ನು ದೊಡ್ಡ ಟೀವಿಯಲ್ಲಿ ನಿಲ್ಲಿಸಿ ಹೆಂಡತಿ ಡೊರೀನಳನ್ನು ಕರೆದ. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಕುರಿ ತಾನೆ?"

"ಕುರೀನೇ ರೀ. ನಮ್ಮ ಕುರಿ."

ಆ ಕಣಿವೆಯಲ್ಲಿ ಒಂದೊಂದು ಮನೆಯವರು ತಮ್ಮ ಕುರಿಗಳ ಮೈಗೆ ಒಂದೊಂದು ಬಣ್ಣದ ಗುರುತು ಹಾಕುತ್ತಾರೆ. ಎಡ ಸೊಂಟದ ಮೇಲೆ ಕೆಂಪು ಪಟ್ಟೆ ಐವ್ಸನ್ನರದು. ಅದು ಅಲ್ಲಿ ಕುಂಕುಮ ಬಳಿದ ಹಾಗೆ ಕಾಣುತ್ತಿತ್ತು.

"ಊರಿಗೆಲ್ಲ ಸಾರಿ ಬಂದ್ರಾ?" ಎಂದಳು ಡೊರೀನ್.

ಎಡ್ವಿನ್ ಕೂತು ಲೆಕ್ಕ ಹಾಕಿದ. ಕಲ್ಲು ಎಂದರೆ ಗೋಡೆ ಮಾತ್ರ. ಕುರಿ ಎಂದರೆ ಪಂದ್ಯ ಗೆದ್ದಂತೆ. ಆದರೆ ಗುರುತು ಕಂಡ ಕೂಡಲೇ ಸಂತೆಯ ಮಾತು ಮೇಲೇಳುತ್ತದೆ: ಗೋಡೆ, ಅದರ ಮೇಲೆ ಒಂದು ಚಳಿಗಾಲದ ಹುಲ್ಲು. ಅವನ ಬಣವೆಯಲ್ಲಿದ್ದ ಹುಲ್ಲು ಅವನ ಕುರಿಗಳಿಗೇ ಸಾಲದು. ಹೇಗಾದರೂ ಮಾಡಿ ಅದನ್ನು ಕಲ್ಲು ಮಾಡಲೇಬೇಕಿತ್ತು.

ಸಂಜೆ ಕೂಟಕ್ಕೆ ಎಂದೂ ಬಾರದವರೂ ಕುರಿ ನೋಡಲು ಬಂದಿದ್ದರು. ಹಳೆಯ ತೆರೆಯ ಮೇಲೆ ಚಿತ್ರ ಮಂಜು ಮಂಜಾಗಿ ನಿಂತಿತು. ಎಡ್ವಿನ್ ಎದ್ದು, ಸರಿಯಾಗಿ ಆ ಸೊಂಟಕ್ಕೆ ಅಡ್ಡ ನಿಂತ.

"ಇದು ಕಲ್ಲು" ಎಂದ.

"ಬೆಳಗ್ಗೆ ಕುರಿ ಅಂದೆಯಲ್ಲಪ್ಪ" ಎಂದರು ಎನಿಡ್.

"ಬೆಳಗ್ಗೆ ಕನ್ನಡಕ ಹಾಕಿರಲಿಲ್ಲ ಮೇಡಂ."

"ನಡೀತಲ್ಲ?"

"ಈ ಗ್ರಹದಲ್ಲಿ ಗುರುತ್ವದ ಸೆಳೆತ ಕಮ್ಮಿ ಅಂತ ಹೋದ ಕಂತಿನಲ್ಲೇ ಹೇಳಿದಾರೆ. ಗಾಳಿ ಬೀಸಿದ್ರೆ ಕಲ್ಲು ಉರುಳುತ್ತೆ."

"ಸ್ವಲ್ಪ ಪಕ್ಕಕ್ಕೆ ಸರಿ. ಕೆಂಪಗೆ ಏನದು?"

"ತುಕ್ಕು ಮೇಡಂ. ಕಲ್ಲಲ್ಲಿ ಕಬ್ಬಿಣ ಇದೆ."

"ಮತ್ತೆ ಮೇಲೆ ಎರಡು ಕಿವಿ?"

"ನೆರಳು. ಎರಡು ಸೂರ್ಯ ಇದ್ದ ಮೇಲೆ ಎರಡು ನೆರಳು ಬೀಳಬೇಡ್ವಾ?"

ಹಿಂದಿನಿಂದ ಯಾರೋ, "ಹುಲ್ಲು ಮೇಯ್ತಾ ಇದೆ ಕಣೋ" ಎಂದರು.

"ಜೀವವೇ ಇಲ್ಲದ ಗ್ರಹದಲ್ಲಿ ಹುಲ್ಲೆಲ್ಲಿಂದ ಬರುತ್ತಯ್ಯಾ? ಕಂತು ನೋಡದೆ ಬಂದು ಮಾತಾಡ್ಬೇಡ."

ರಾಲ್ಫ್ ಕೇಕು ತಿನ್ನುತ್ತಿದ್ದ. ಎಡ್ವಿನ್ ಬೆವರೊರೆಸಿಕೊಳ್ಳುತ್ತ ಆ ಗ್ರಹದ ಮಣ್ಣು, ಗಾಳಿ, ಬಿಸಿಲುಗಳನ್ನೆಲ್ಲ ತಾನೇ ಅಲ್ಲಿ ಬೇಸಾಯ ಮಾಡಿಬಂದವನಂತೆ ವರ್ಣಿಸಿದ. ಕೊನೆಗೆ ಎನಿಡ್, ನೆರಳಿನ ಲೆಕ್ಕವೂ ತಪ್ಪದ ಇಂಥ ಕಂತು ಹಿಂದೆ ಬಂದಿಲ್ಲವೆಂದು ಹೇಳಿ, ಕೂಟದ ಚರಿತ್ರೆಯಲ್ಲೇ ಮೊದಲ ಬಾರಿಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟರು. ಕಲ್ಲು ಎಂದು ತೀರ್ಮಾನವಾಯಿತು. ಸೋತವನಿಗೆ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ಆ ಕೋಣೆ ಕಂಡಿರಲಿಲ್ಲ.

ಸೋಮವಾರ ಬೆಳಗ್ಗೆ ಎಡ್ವಿನ್ ಗೋಡೆಗೆ ಕೈ ಹಚ್ಚಿದ. ಗೋಡೆ ಹೋದರೆ ಹೋಗಲಿ, ಹುಲ್ಲು ಉಳಿಯಿತಲ್ಲ ಎಂಬ ಸಮಾಧಾನವಿತ್ತು. ಆಚೆ ಕಡೆಯಿಂದ ರಾಲ್ಫ್ ಬಂದು ನಿಂತ.

"ಆ ಎಡ ಸೊಂಟದ ಪಟ್ಟೆ ಶನಿವಾರ ಸಂಜೇನೇ ಕಂಡಿತ್ತು ನಂಗೆ" ಎಂದ.

ಎಡ್ವಿನ್ನನ ಕೈಯಲ್ಲಿ ಕಲ್ಲು ಹಾಗೇ ನಿಂತಿತು. "ಮತ್ಯಾಕೆ ಕಲ್ಲು ಅಂದೆ?"

"ಹುಲ್ಲು ನನ್ನತ್ರ ಬೇಕಾದಷ್ಟಿದೆ. ಬೇಕಾಗಿದ್ದು ಗೋಡೆ. ನಿನ್ನ ಕುರಿ ಅಂತ ನಾನಂದಿದ್ರೆ, ಅಲ್ಲ ಅಂತ ನೀನು ಸಾಯೋವರೆಗೂ ವಾದ ಮಾಡ್ತಿದ್ದೆ, ಗೋಡೆ ಏಳ್ತಿರಲಿಲ್ಲ." ರಾಲ್ಫ್ ಗೋಡೆಯ ಸಾಲನ್ನು ಒಂದು ಕಣ್ಣು ಮುಚ್ಚಿ ನೋಡಿದ. "ಎಡಕ್ಕೆ ವಾಲ್ತಿದೆ. ಆ ಸಾಲು ಬಿಚ್ಚಿ ಕಟ್ಟು."

ಎಡ್ವಿನ್ ಬಗ್ಗಿ ಆ ಸಾಲನ್ನು ಬಿಚ್ಚತೊಡಗಿದ.