ಹೊಸ ಮಂಡಿ, ನಡುರಾತ್ರಿಯ ಹೂಂ

ಮಂಡಿ ಬದಲಾಯಿಸಿಕೊಂಡವನನ್ನು ನೋಡಲು ಬರುವವರೆಲ್ಲ ಮಂಡಿಯನ್ನೇ ನೋಡುತ್ತಾರೆ. ನಾನು ಪಂಚೆ ಸರಿಸಿ ಹೊಲಿಗೆಯ ಗೆರೆ ತೋರಿಸಬೇಕು, ಅವರು 'ಅಯ್ಯೋ ಶಿವನೇ' ಎನ್ನಬೇಕು, ಕಾಫಿ ಕುಡಿಯಬೇಕು, ತಮ್ಮ ಷಡ್ಡಕನ ಮಂಡಿಯ ಕಥೆ ಹೇಳಿ ಹೊರಡಬೇಕು. ನಿದ್ದೆ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದೆನೋ ಏನೋ. ಕೇಳದ್ದರಿಂದ ಬರೆಯುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ತಪ್ಪೊಪ್ಪಿಕೊಳ್ಳಲು ಅಷ್ಟು ಸಾಕು.

ನಿದ್ದೆಯಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕೊಬ್ಬರಿ ವ್ಯಾಪಾರಕ್ಕೆಂದು ಅರಸೀಕೆರೆಯಲ್ಲಿ ಬಸ್ಸು ಹತ್ತಿ ಜಾವಗಲ್ಲಿನಲ್ಲಿ ಇಳಿಯಬೇಕಾದವನು ಹಳೇಬೀಡನ್ನೂ ದಾಟಿ ಬೇಲೂರಿನ ನಿಲ್ದಾಣದಲ್ಲಿ ಕಣ್ಣು ಬಿಟ್ಟದ್ದು ಒಂದೆರಡು ಸಲವಲ್ಲ. ಒಬ್ಬ ಕಂಡಕ್ಟರಂತೂ, "ಯಜಮಾನ್ರೇ, ಬೇಲೂರಿಗೇ ಟಿಕೆಟ್ ತಗೊಂಬುಡಿ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ" ಎಂದಿದ್ದ. ಅಂಥ ನಿದ್ದೆಯನ್ನು ಕಳೆದುಕೊಳ್ಳಬೇಕಾದರೆ ಮನುಷ್ಯ ಏನಾದರೂ ಮಾಡಿರಲೇಬೇಕು. ನಾನು ಮಾಡಿದ್ದೆ.

ಮಂಡಿ ನೋವು ನನಗೊಬ್ಬನಿಗೇ ಅಲ್ಲ, ನನ್ನ ಹೆಂಡತಿ ಗಿರಿಜಮ್ಮನಿಗೂ ಇತ್ತು. ಹಾಸನದ ಡಾಕ್ಟರು ಇಬ್ಬರ ಎಕ್ಸ್‌ರೇಗಳನ್ನೂ ಬೆಳಕಿಗೆ ಹಿಡಿದು ನೋಡಿದಾಗ ಅವಳು ನೀರು ಕುಡಿಯಲು ಹೊರಗೆ ಹೋಗಿದ್ದಳು. "ನಿಮ್ಮದು ಇನ್ನೊಂದು ವರ್ಷ ತಳ್ಳಬಹುದು. ಅಮ್ಮನವರದು ಪೂರ್ತಿ ಸವೆದಿದೆ. ಮೊದಲು ಅವರಿಗೆ ಮಾಡಿಸಿ" ಎಂದರು ಡಾಕ್ಟರು. ನಾನು ದೊಡ್ಡದಾಗಿ ತಲೆಯಾಡಿಸಿದೆ. ಅವಳು ಮಲಗಿಬಿಟ್ಟರೆ ಒಲೆ ಹಚ್ಚುವವರು ಯಾರು, ನನ್ನ ಕಾಲಿಗೆ ಎಣ್ಣೆ ತಿಕ್ಕುವವರು ಯಾರು ಎಂಬ ಯೋಚನೆ ಆ ತಲೆಯೊಳಗೇ ಓಡುತ್ತಿತ್ತು. "ಅವಳಿಗೆ ಭಯ ಸಾರ್. ಮೊದಲು ನನಗೆ ಮಾಡಿ, ನೋಡಿ ಧೈರ್ಯ ಬರಲಿ" ಎಂದೆ. ಹೊರಗೆ ಬಂದು ಅವಳಿಗೆ, "ನನ್ನದು ಕೆಟ್ಟೋಗಿದೆಯಂತೆ. ನಿಂದು ಬರೀ ವಾಯು, ಬೆಳ್ಳುಳ್ಳಿ ತಿನ್ನಬೇಕಂತೆ" ಎಂದೆ. ಅವತ್ತಿನಿಂದ ಅವಳು ದಿನಾ ಬೆಳಿಗ್ಗೆ ತುಪ್ಪದಲ್ಲಿ ಹುರಿದ ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಾನು ಎದುರಿಗೇ ಕೂತು ನೋಡುತ್ತಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಹಡಿ ಹತ್ತುವಂತಿಲ್ಲದ್ದರಿಂದ ನನ್ನ ಮಂಚವನ್ನು ಕೆಳಗೆ, ಅಟ್ಟದ ಅಡಿಯ ಕೋಣೆಗೆ ಹಾಕಿದರು. ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿ. ಗಿರಿಜಮ್ಮ ನಡುಮನೆಯ ಆಚೆ, ಅಡುಗೆಮನೆಯ ಪಕ್ಕದ ರೂಮಿನಲ್ಲಿ. ನಾನು ಮಗ್ಗುಲಾಗುವ ಹಾಗಿರಲಿಲ್ಲ. ಕಾಲು ನೇರ ಚಾಚಿ ಅಂಗಾತ ಬಿದ್ದಿರಬೇಕು. ನಮ್ಮವರಲ್ಲಿ ಸತ್ತವರನ್ನೂ ಕೂರಿಸಿಯೇ ಹೂಳುತ್ತಾರೆ. ಬದುಕಿದ್ದ ನನಗೆ ಅಷ್ಟು ಅನುಕೂಲವೂ ಇರಲಿಲ್ಲ. ಒಂದು ಗಂಟೆಗೆ ಮಂಡಿಯೊಳಗೆ ಕಾವು ಏರುತ್ತಿತ್ತು. ಎರಡಕ್ಕೆ ಮಾತ್ರೆಯ ಬಲ ಇಳಿಯುತ್ತಿತ್ತು. ಮೂರಕ್ಕೆ ಮನೆ ಸದ್ದು ಮಾಡಲು ಶುರುಮಾಡುತ್ತಿತ್ತು.

ನನ್ನ ಕಸುಬು ಕಿವಿಯದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಸಾಕು, ಒಳಗೆ ನೀರು ಆರಿದೆಯೇ, ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಒಡೆಯದೆ ಹೇಳುತ್ತೇನೆ. ಆದ್ದರಿಂದ ಅಟ್ಟದ ಮೇಲೆ ಇಲಿ ತಳ್ಳಿದ ಕಾಯಿ ಯಾವುದು, ತಾನಾಗಿ ಜಾರಿದ್ದು ಯಾವುದು ಎಂಬುದೆಲ್ಲ ನನಗೆ ಮಲಗಿದ್ದಲ್ಲೇ ತಿಳಿಯುತ್ತಿತ್ತು. ಆದರೆ ಆ ಇನ್ನೊಂದು ಸದ್ದು ಇಲಿಯದೂ ಅಲ್ಲ, ಕಾಯಿಯದೂ ಅಲ್ಲ. ಒಂದು ಹೆಜ್ಜೆ ಊರುತ್ತಿತ್ತು, ಇನ್ನೊಂದು ನೆಲ ಸವರಿಕೊಂಡು ಬರುತ್ತಿತ್ತು. ಟಪ್, ಸರ್. ಟಪ್, ಸರ್. ನಡುಮನೆಯ ಆ ತುದಿಯಿಂದ ನನ್ನ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅರ್ಧ ತೆರೆದ ಬಾಗಿಲಲ್ಲಿ ಕತ್ತಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ಉಸಿರಿನಷ್ಟು ಹೊತ್ತು ನಿಂತು, ಹಾಗೆಯೇ ಹಿಂದಕ್ಕೆ ಹೋಗುತ್ತಿತ್ತು.

ನನ್ನ ಅವ್ವ ಕೊನೆಗಾಲದಲ್ಲಿ ಹೀಗೆಯೇ ನಡೆಯುತ್ತಿದ್ದಳು. ಅವಳನ್ನು ಮಣ್ಣು ಮಾಡಿ ಇಪ್ಪತ್ತು ವರ್ಷವಾಗಿತ್ತು.

ಬೆಳಿಗ್ಗೆ ಗಿರಿಜಮ್ಮ ಮುದ್ದೆಯ ತಟ್ಟೆ ತಂದಿಟ್ಟಾಗ ಮೆಲ್ಲಗೆ ಕೇಳಿದೆ. "ರಾತ್ರಿ ನಿನಗೆ ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು."

"ಏನು?"

"ನಿಮ್ಮ ನರಳಾಟ. ಮೂರನೇ ಮನೆಯೋರಿಗೂ ಕೇಳಿಸಿರ್ತದೆ."

ಎರಡು ರಾತ್ರಿ ಹೊದಿಕೆಯೊಳಗೆ ತಡೆದುಕೊಂಡೆ. ಮೂರನೆಯ ರಾತ್ರಿ ಹೆಜ್ಜೆ ಬಾಗಿಲಿಗೆ ಬಂದು ನಿಂತಾಗ ತಡೆಯಲಾಗಲಿಲ್ಲ. "ಅವ್ವಾ" ಎಂದೆ. ಹೆಜ್ಜೆ ಹಿಂದಕ್ಕೆ ಹೋಗಲಿಲ್ಲ. "ನಿನ್ನ ಮಂಡಿ ನೋವನ್ನ ನಾನು ನೋವು ಅಂತ್ಲೇ ಎಣಿಸಲಿಲ್ಲ ಕಣವ್ವ. ರಾತ್ರಿ ನೀನು ಓಡಾಡಿದ್ರೆ, ಮಲಗು, ನನ್ನ ನಿದ್ದೆ ಕೆಡಿಸಬ್ಯಾಡ ಅಂತ ಗದರಿಸ್ತಿದ್ದೆ."

ಕತ್ತಲೊಳಗಿಂದ "ಹೂಂ" ಎಂದು ಬಂತು.

ಮೈಯ ಕೂದಲೆಲ್ಲ ನೆಟ್ಟಗಾದವು. ಮಂಡಿಯ ಸುತ್ತ ಆಸ್ಪತ್ರೆಯವರು ಬೋಳಿಸಿದ್ದರಿಂದ ಅಲ್ಲಿ ಮಾತ್ರ ಏಳಲು ಕೂದಲಿರಲಿಲ್ಲ. ಅವ್ವ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ನಾನು ಎರಡನೆಯ ಹೂಂಗೆ ಮೊದಲೇ ಗೊರಕೆ ಹೊಡೆಯುತ್ತಿದ್ದೆನೆಂದು ಅವಳಿಗೆ ಬೇಸರವಿತ್ತು. ಈಗ ಹೂಂ ಅವಳ ಕಡೆಯಿಂದ ಬಂದಿದೆ. ಹೂಂ ಬಂದ ಮೇಲೆ ಹೇಳುವವನು ನಿಲ್ಲಿಸುವಂತಿಲ್ಲ.

ಎಲ್ಲವನ್ನೂ ಹೇಳಿದೆ. ಎಕ್ಸ್‌ರೇ, ಡಾಕ್ಟರ ಮಾತು, ವಾಯು, ಬೆಳ್ಳುಳ್ಳಿ. "ಅವಳು ನುಂಗುವಾಗ ಎದುರಿಗೇ ಕೂತು ನೋಡ್ತಿದ್ದೆ ಕಣವ್ವ. ಆದ್ರೂ ಬಾಯಿ ಬಿಡಲಿಲ್ಲ" ಎಂದು ಮುಗಿಸಿ ಹೂಂಗಾಗಿ ಕಾದೆ. ಬರಲಿಲ್ಲ. ಬೇರೆಯೇ ದನಿ ಕೇಳಿಸಿತು.

"ಡಾಕ್ಟರು ಇನ್ನೇನಂದ್ರು?"

ದೀಪ ಹತ್ತಿತು. ಗಿರಿಜಮ್ಮ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದರಲ್ಲಿ ತನ್ನ ಮಂಡಿ ಒತ್ತಿಕೊಂಡು ನಿಂತಿದ್ದಳು.

"ನೀನಾ? ನಿದ್ದೆ ಮಾಡ್ತಿಲ್ವಾ?"

"ನಾಕು ವರ್ಷ ಆಯ್ತು. ಮಲಗಿದ್ರೆ ಸೆಳೀತೈತೆ. ಎದ್ದು ನಡುಮನೇಲಿ ಸುತ್ತು ಹಾಕ್ತೀನಿ."

"ನಾನು ಒಂದು ದಿನಾನೂ ನೋಡ್ಲಿಲ್ವಲ್ಲೇ."

"ನೀವು ಯಾವತ್ತು ಎಚ್ಚರ ಇದ್ರಿ?"

ಚಿಪ್ಪಿನೊಳಗಿನ ಕೊಬ್ಬರಿಯನ್ನು ಹೊರಗಿನಿಂದಲೇ ಅರಿಯುವ ಈ ಕಿವಿ, ನಲವತ್ತು ವರ್ಷ ಜೊತೆಯಲ್ಲಿ ನಡೆದವಳ ಹೆಜ್ಜೆಯನ್ನು ಸತ್ತವಳದೆಂದು ತಿಳಿದಿತ್ತು. ನಾಚಿಕೆ ಮುಚ್ಚಿಕೊಳ್ಳಲು ಸ್ವಲ್ಪ ಜೋರು ಮಾಡಿದೆ. "ಅದು ಸರಿ, ಹೂಂ ಅಂತ ಯಾಕೆ ಹೆದರಿಸ್ದೆ?"

"ನಾನೆಲ್ಲಿ ಹೂಂ ಅಂದೆ? ನಾನು ಎದ್ದು ಬಂದಾಗ್ಲೇ ನೀವು ಬೆಳ್ಳುಳ್ಳಿ ಮಾತಾಡ್ತಿದ್ರಿ."

"ಅದಕ್ಕೂ ಮೊದಲು ಬಾಗಿಲಲ್ಲಿ ನಿಂತಿದ್ದು?"

ಇಬ್ಬರೂ ನಡುಮನೆಯ ಕಡೆ ನೋಡಿದೆವು. ಅಲ್ಲಿ ಕತ್ತಲು ಇದ್ದ ಹಾಗೆಯೇ ಇತ್ತು. ಅವಳು ದೇವರ ಗೂಡಿನಿಂದ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು, ತಾನೂ ಹಚ್ಚಿಕೊಂಡಳು. ಕ್ಷಮಿಸಿದಳೆಂದು ನಾನು ಕೈ ಹಿಡಿಯಲು ಹೋದೆ. ಅವಳು ಕೈ ಬಿಡಿಸಿಕೊಂಡಳು. "ಇದು ಅತ್ತೆಗೋಸ್ಕರ ಹಚ್ಚಿದ್ದು. ನಿಮ್ಮ ವಿಚಾರ ಬೇರೆ ಐತೆ. ಈಗ ಕತ್ತಲಲ್ಲಿ ಹೇಳಿದ್ದನ್ನ ಹಾಸನದಲ್ಲಿ ಬೆಳಕಲ್ಲಿ ಹೇಳ್ಬೇಕು. ಡಾಕ್ಟರ ಮುಂದೆ, ನನ್ನ ಮುಂದೆ."

ಅವತ್ತು ಅವಳು ನನ್ನ ಕೋಣೆಯಲ್ಲೇ ಚಾಪೆ ಹಾಕಿಕೊಂಡಳು. ಬೆಳಗಾಗುವವರೆಗೂ ಇಬ್ಬರಿಗೂ ನಿದ್ದೆ ಬರಲಿಲ್ಲ. ಕೆಳಗೆ ಕೂತು ಏಳುವುದು ಅವಳಿಗೆ ಎಷ್ಟು ಕಷ್ಟವೆಂದು ನಾನು ಮೊದಲ ಸಲ ಪೂರ್ತಿ ನೋಡಿದೆ. ನೆಲಕ್ಕೆ ಕೈ ಊರಿ, ಮಂಚದ ಕಾಲು ಹಿಡಿದು, ತುಟಿ ಕಚ್ಚಿ, ಅವಳು ನಿಲ್ಲುವ ಹೊತ್ತಿಗೆ ಆಚೆ ಬೀದಿಯಲ್ಲಿ ಹಾಲಿನವನು ಎರಡು ಮನೆ ದಾಟಿದ್ದ.

ನನ್ನನ್ನು ಮತ್ತೆ ತೋರಿಸುವ ದಿನ ಹಾಸನಕ್ಕೆ ಹೋದೆವು. ನಾನು ವಾಕರ್ ಹಿಡಿದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಎಲ್ಲವನ್ನೂ ಒಪ್ಪಿಸಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಮ್ಮನವರಿಗೆ ಭಯ ಅಂದಿದ್ರಲ್ಲ?"

"ಭಯ ಇದ್ದಿದ್ದು ನನಗೆ ಸಾರ್."

ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಹೊಸ ಎಕ್ಸ್‌ರೇ ತೆಗೆದರು, ದಿನ ಗೊತ್ತುಮಾಡಿದರು. ಆಮೇಲೆ ಡಾಕ್ಟರು ಅವಳ ಕಡೆ ತಿರುಗಿ, "ಆಪರೇಷನ್ ಆದ್ಮೇಲೆ ಒಂದೂವರೆ ತಿಂಗಳು ಕಷ್ಟ ಇರುತ್ತಮ್ಮ. ಅಡುಗೆ ಆಗಬೇಕು, ನಿಮ್ಮನ್ನ ಎಬ್ಬಿಸಿ ನಡೆಸಬೇಕು, ರಾತ್ರಿ ನಾಲ್ಕು ಸಲ ಎದ್ದು ನೋಡಬೇಕು. ಮನೇಲಿ ನೋಡ್ಕೊಳ್ಳೋರು ಯಾರಿದಾರೆ?" ಎಂದು ಕೇಳಿದರು.

ಅವಳು ನನ್ನ ಕಡೆ ಬೆರಳು ತೋರಿಸಿದಳು.

ನಾನು ತಿರುಗಿ ನೋಡಿದೆ, ಹಿಂದೆ ಯಾರು ನಿಂತಿದ್ದಾರೆ ಎಂದು. ಗೋಡೆ ಮಾತ್ರ ಇತ್ತು.