ಕ್ಯಾಸೆಟ್ಟಿನೊಳಗೆ ಬಿದ್ದ ಸ್ಕ್ರೂ

ಆದೋನಿ ಕಡೆಯ ಆಲೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸು ಹೊಲಿಯುತ್ತಿರುವ ನನಗೆ ಒಂದು ಕ್ಯಾಸೆಟ್ ರಿಪೇರಿ ಯಾವ ಲೆಕ್ಕ?

ಅದರಲ್ಲಿದ್ದದ್ದು ನಮ್ಮ ಅತ್ತೆಯ ಅರಿಶಿಣದ ಹಾಡು. ಹಲ್ಲು ಬಿದ್ದ ಮೇಲೆ ಅತ್ತೆ ಹಾಡುವುದನ್ನೇ ಬಿಟ್ಟಿದ್ದರು. ತನ್ನ ಮಗಳ ಮದುವೆಗೆ ಅವ್ವನ ಹಾಡೇ ಬೇಕೆಂದು ಆಸ್ಪರಿಯ ನಾದಿನಿ ಶಾಂತಾ ಹಟ ಹಿಡಿದಿದ್ದಳು. ಇದ್ದದ್ದು ಅದೊಂದೇ ಕ್ಯಾಸೆಟ್. ಅದರ ಟೇಪು ನಮ್ಮೂರ ಬಿಸಿಲಿಗೆ ಮೆತ್ತಗಾಗಿ ಸಿಕ್ಕು ಬಿದ್ದಿತ್ತು. ಮೈಕ್‌ಸೆಟ್ ಬಾಡಿಗೆಗೆ ಕೊಡುವ ನಮ್ಮ ಮನೆಯವರು ಆದೋನಿಗೆ ಹೊರಡುವಾಗ, "ನಾ ಬರೋತನ ಅದನ್ನ ಮುಟ್ಟಬ್ಯಾಡ" ಎಂದಿದ್ದರು.

ಮುಟ್ಟಿದೆ. ಐದು ಸ್ಕ್ರೂ ಬಿಚ್ಚಿ, ಸಿಕ್ಕು ಬಿಡಿಸಿ, ಪೆನ್ಸಿಲಿನಿಂದ ಸುತ್ತಿದೆ. ಮುಚ್ಚುವಾಗ ಒಂದು ಸ್ಕ್ರೂ ಸುರುಳಿಯ ಸಂದಿಗೆ ಜಾರಿತು. ನೆಲಕ್ಕೆ ಬಿದ್ದ ಸೂಜಿ, ಗುಂಡುಪಿನ್ನು ಆರಿಸಲೆಂದು ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರ ಕಟ್ಟಿ ನನ್ನ ಮಷಿನ್ನಿಗೆ ತೂಗುಹಾಕಿದ್ದೇನೆ. ಅದನ್ನೇ ಕ್ಯಾಸೆಟ್ಟಿನ ಮೇಲೆ ಆಡಿಸಿದೆ. ಟಕ್ಕೆಂದು ಸ್ಕ್ರೂ ಬಂತು. ಇನ್ನೇನಾದರೂ ಚೂರು ಉಳಿದಿದ್ದೀತೆಂದು ಎರಡೂ ಬದಿಗೆ, ನಿಧಾನವಾಗಿ, ಇನ್ನೂ ಹತ್ತು ಸಲ ಆಡಿಸಿದೆ. ಹಾಕಿ ಕೇಳಲಿಲ್ಲ. ಹೊಲಿದ ಬ್ಲೌಸನ್ನು ನಾನೇನು ತೊಟ್ಟು ನೋಡಿ ಕೊಡುತ್ತೇನೆಯೇ?

ಅರಿಶಿಣದ ದಿನ ಆಸ್ಪರಿಯಲ್ಲಿ ಮದುಮಗಳನ್ನು ಕೂರಿಸಿದರು. ನಮ್ಮ ಮನೆಯವರು ಕ್ಯಾಸೆಟ್ ಹಾಕಿದರು. ದೊಡ್ಡ ಸ್ಪೀಕರ್ ಬಾಕ್ಸಿನಿಂದ ಹಾಡಿನ ಬದಲು ಒಗ್ಗರಣೆಯಂಥ ಸದ್ದು ಬಂತು. ಎಷ್ಟು ಹೊತ್ತಾದರೂ ಸಾಸಿವೆ ಸಿಡಿಯುವುದು ನಿಲ್ಲಲಿಲ್ಲ.

"ವದಿನಾ, ಇದರಾಗ ನಮ್ಮವ್ವ ಎಲ್ಲದಾಳ?" ಎಂದಳು ಶಾಂತಾ, ಅತ್ತಿಗೆಯಾದ ನನ್ನ ಕಡೆ ತಿರುಗಿ.

ನಾನು ಅಯಸ್ಕಾಂತದ ಕತೆ ಹೇಳಿದೆ, ತುಸು ಹೆಮ್ಮೆಯಿಂದಲೇ. ಮನೆಯವರು ಹಣೆಗೆ ಕೈ ಹಚ್ಚಿದರು. "ಟೇಪಿನ ಮ್ಯಾಲೆ ಹಾಡು ಕುಂದ್ರೋದ ಅಯಸ್ಕಾಂತದಿಂದ. ಅದರಿಂದನ ಪೂರಾ ಒರಿಸಿ ತಂದೀಯಲ್ಲ, ತಾಯಿ."

ಶಾಂತಾಳ ಕಣ್ಣು ತುಂಬಿತು. ನನಗೆ ಅರಿಶಿಣದ ಬಟ್ಟಲಿನೊಳಗೆ ಇಳಿದುಬಿಡೋಣ ಅನ್ನಿಸಿತು.

ಮೂಲೆಯಿಂದ ಅತ್ತೆ ಗದರಿದರು: "ಯಾಕ ಅಳ್ತೀ? ನಾನೇನು ಸತ್ತೀನೇನು? ಸರೀರಿ ಅತ್ತಾಗ."

ಹಾಡಿದರು. ಹಲ್ಲಿಲ್ಲದ ಕಡೆ ಗಾಳಿ ಹೋಯಿತು, ಮರೆತ ಕಡೆ ಹೆಂಗಸರು ಎತ್ತಿಕೊಟ್ಟರು. ಮದುಮಗಳು ಅರಿಶಿಣದ ಕೆನ್ನೆಯಲ್ಲೇ ನಕ್ಕಳು. ಹಾಡು ಹಿಡಿಯಲು ಎಲ್ಲರ ಫೋನುಗಳೂ ಮೇಲೆದ್ದವು. ಒರೆಸಿದ್ದೇ ಒಳ್ಳೆಯದಾಯಿತೆಂದು ನಾನು ಆಗಲೇ ಬೀಗತೊಡಗಿದ್ದೆ.

ಹಾಡು ಮುಗಿದು ಹೆಂಗಸರ ಸದ್ದಡಗಿತು. ಸಿಡಿಯುತ್ತಲೇ ಇದ್ದ ಕ್ಯಾಸೆಟ್ಟನ್ನು ಯಾರೂ ನಿಲ್ಲಿಸಿರಲಿಲ್ಲ. ಅಯಸ್ಕಾಂತ ತಾಕದೆ ಉಳಿದಿದ್ದ ಒಂದೇ ತುಣುಕು ಆಗ ಬಂತು. ಇಪ್ಪತ್ತು ವರ್ಷದ ಹಿಂದಿನ ನನ್ನದೇ ದನಿ, ಇಡೀ ಓಣಿಗೆ ಕೇಳುವಂತೆ:

"ಅತ್ತೀ, ಹಾಡು ಸಾಕ್ ಮಾಡ್ರಿ, ಹಾಲು ಉಕ್ಕಾಕ ಹತ್ತೈತಿ!"

ಹಾಡನ್ನೆಲ್ಲ ನುಂಗಿದ ಅಯಸ್ಕಾಂತಕ್ಕೂ ನನ್ನ ಬಾಯಿ ಮುಚ್ಚಿಸಲು ಆಗಿರಲಿಲ್ಲ. ಶಾಂತಾ ಅಷ್ಟನ್ನೂ ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿದ್ದಾಳೆ.